ಗ್ರೀಕ್ ಮದುವೆ ಸಿನಿಮಾ ನೋಡಿದ ಮೇಲೆ ನಮ್ಮಣ್ಣ ಮಾತೇ ಆಡಲಿಲ್ಲ. ನೋಡಿದವರು ಏನಂತೀರಿ?

ಸೋದರತ್ತೆ, ವಿದ್ಯಾನಗರ

ಎಲ್ಲರಿಗೂ ನಮಸ್ಕಾರ. ಸಿನಿಮಾ ಹೊಸದಲ್ಲ, 2002ರದ್ದು. ‘ಮೈ ಬಿಗ್ ಫ್ಯಾಟ್ ಗ್ರೀಕ್ ವೆಡ್ಡಿಂಗ್’. ಹೋದ ಭಾನುವಾರ ನಮ್ಮಣ್ಣನ ಮನೆಯಲ್ಲಿ ಎಲ್ಲರೂ ಕೂತು ನೋಡಿದೆವು. ಹಾಕಿದವಳು ಅಣ್ಣನ ಮಗಳು.

ಯಾಕೆ ಹಾಕಿದಳು ಅಂತ ಮೊದಲು ಹೇಳಿಬಿಡುತ್ತೇನೆ. ಅವಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಅಲ್ಲೇ ಜೊತೆಗೆ ಕೆಲಸ ಮಾಡುವ ಹುಡುಗನನ್ನು ಒಪ್ಪಿದ್ದಾಳೆ. ಹುಡುಗ ಗುವಾಹಟಿಯವನು. ಅಣ್ಣ ಬೇಡ ಅಂದಿಲ್ಲ, ಹೂಂ ಅಂತಲೂ ಅಂದಿಲ್ಲ. ನಾಲ್ಕು ತಿಂಗಳಾಯಿತು. ಮನೆಯಲ್ಲಿ ಊಟದ ಹೊತ್ತಿಗೆ ಬೇರೆಲ್ಲ ಮಾತು ಬರುತ್ತದೆ, ಇದೊಂದು ಮಾತ್ರ ಬರುವುದಿಲ್ಲ.

ಸಿನಿಮಾ ಕಥೆ ಸರಳ. ಷಿಕಾಗೋದಲ್ಲಿ ಒಂದು ಗ್ರೀಕ್ ಮನೆತನ. ಅಪ್ಪ ಗಸ್, ಹೋಟೆಲ್ ನಡೆಸುತ್ತಾನೆ. ಮಗಳು ಟೂಲಾಗೆ 30 ವರ್ಷ. ಇನ್ನೂ ಮದುವೆ ಆಗಿಲ್ಲ, ಅಪ್ಪನ ಹೋಟೆಲಿನಲ್ಲೇ ಕೆಲಸ. ಆಮೇಲೆ ಕಾಲೇಜಿಗೆ ಹೋಗಿ ಕಂಪ್ಯೂಟರ್ ಕಲಿಯುತ್ತಾಳೆ, ಚಿಕ್ಕಮ್ಮನ ಟ್ರಾವೆಲ್ ಆಫೀಸು ಸೇರುತ್ತಾಳೆ, ಗ್ರೀಕನಲ್ಲದ ಮೇಷ್ಟ್ರು ಇಯಾನ್ ಮಿಲ್ಲರನನ್ನು ಪ್ರೀತಿಸುತ್ತಾಳೆ. ಅವನು ಅಪ್ಪ ಅಮ್ಮನಿಗೆ ಒಬ್ಬನೇ ಮಗ. ಇವಳ ಕಡೆ ದೊಡ್ಡಪ್ಪ ಚಿಕ್ಕಪ್ಪ ಸೋದರಮಾವಂದಿರ ಮಕ್ಕಳೇ 27 ಜನ!

ನಾವೆಲ್ಲ ನಕ್ಕು ನಕ್ಕು ಸುಸ್ತಾದೆವು. ಅಣ್ಣನೂ ಮೊದಮೊದಲು ನಕ್ಕ. ಯಾವುದೇ ಪದ ಹೇಳಿದರೂ ಗಸ್ ಅದು ಗ್ರೀಕಿನಿಂದಲೇ ಬಂದದ್ದು ಅಂತಾನಲ್ಲ, ಕೊನೆಗೆ ಜಪಾನಿನ ಕಿಮೋನೋವನ್ನೂ ಬಿಡುವುದಿಲ್ಲ, ಅಲ್ಲಿ ಅಣ್ಣನಿಗೆ ತುಂಬಾ ನಗು ಬಂತು. ನಮ್ಮ ಅಪ್ಪಾಜಿ ಥೇಟ್ ಹಾಗೇ ಇದ್ದರು. ಆದರೆ ಮಗಳ ವಿಷಯ ಮನೆಯಲ್ಲಿ ಗೊತ್ತಾಗಿ ಗಸ್ ಕೂಗಾಡಿ ಕೂತುಬಿಡುವ ಜಾಗದಿಂದ ಅಣ್ಣ ನಗುವುದನ್ನು ನಿಲ್ಲಿಸಿದ. ಕೊನೆವರೆಗೂ ನೋಡಿದ. ಎದ್ದು ಹೋಗಿ ಹಿತ್ತಲಲ್ಲಿ ನಿಂತ. ಇವತ್ತಿನವರೆಗೂ ಅದರ ಬಗ್ಗೆ ಒಂದು ಮಾತಾಡಿಲ್ಲ.

ನನಗನ್ನಿಸುವುದು ಇಷ್ಟೇ. ಎಲ್ಲರೂ ಇದನ್ನು ಹುಡುಗ ಹುಡುಗಿ ಪ್ರೀತಿಯ ಸಿನಿಮಾ ಅಂತಾರೆ. ನನ್ನ ಪ್ರಕಾರ ಇದು ಅಪ್ಪನ ಸಿನಿಮಾ. ಹುಡುಗಿ ಯಾವತ್ತೋ ನಿರ್ಧಾರ ಮಾಡಿ ಆಗಿದೆ. ಒಂದೊಂದೇ ಹೆಜ್ಜೆ ನಡೆದು ಬರಬೇಕಾದವನು ಅಪ್ಪ. ನೀವೇನಂತೀರಿ?

ಮಂಡಿಪೇಟೆ ಹುಡುಗ

ಅಕ್ಕ, ನಾನು ಇದನ್ನು ನಾಲ್ಕು ಸಲ ನೋಡಿದ್ದೇನೆ. ಹುಡುಗನ ಅಪ್ಪ ಅಮ್ಮ ಮೊದಲ ಸಲ ಬರುವ ಸೀನ್ ಇದೆಯಲ್ಲ, ಸುಮ್ನೆ ಮನೆಯವರಷ್ಟೇ ಅಂತ ಕರೆದಿರುತ್ತಾರೆ. ಅವರು ಕಾರಿಳಿದರೆ ಮನೆ ಮುಂದೆ ಇಡೀ ಕುರಿ ಬೇಯುತ್ತಿದೆ, ನೂರಾರು ಜನ. ಗಸ್ ಒಬ್ಬೊಬ್ಬರನ್ನೇ ಪರಿಚಯ ಮಾಡಿಸುತ್ತಾನೆ, ನಿಕ್ ಅನ್ನೋ ಹೆಸರೇ ಎಷ್ಟು ಸಲ ಬರುತ್ತದೆ! ನಮ್ಮಲ್ಲಿ ಬಸವರಾಜ, ಮಂಜುನಾಥ, ಮತ್ತೆ ಬಸವರಾಜ ಅಂದ ಹಾಗೆ.

ನಮ್ಮಕ್ಕನಿಗೆ ಹೂ ಮುಡಿಸೋ ದಿನವೂ ಅಷ್ಟೇ. ಹತ್ತು ಜನ ಬರ್ತೀವಿ ಅಂದವರು ಎರಡು ಟೆಂಪೋದಲ್ಲಿ ಬಂದರು. ನಮ್ಮಮ್ಮ ಒಂದು ಮಾತಾಡದೆ ಪಕ್ಕದ ಮನೆಯಿಂದ ಅಕ್ಕಿ ತಂದು ಇನ್ನೊಂದು ಎಸರಿಟ್ಟರು.

ಹರಿಹರದ ಟೀಚರಮ್ಮ

ನನಗೆ ಸಿನಿಮಾ ಇಷ್ಟ. ಆದರೆ ಒಂದು ತಕರಾರಿದೆ, ಹೇಳಲೇಬೇಕು. ಟೂಲಾ ಕನ್ನಡಕ ತೆಗೆದು, ಕೂದಲು ಸರಿ ಮಾಡಿಕೊಂಡು, ತುಟಿಗೆ ಬಣ್ಣ ಹಚ್ಚಿಕೊಂಡ ಮೇಲೆಯೇ ಹುಡುಗ ಅವಳ ಹಿಂದೆ ಬೀಳುವುದು. ಮೊದಲು ಹೋಟೆಲಿನಲ್ಲಿ ಕಾಫಿ ಕೊಟ್ಟಾಗ ನೋಡಿಯೂ ನೋಡದ ಹಾಗೆ ಹೋದ. ನಾನು ಹೈಸ್ಕೂಲ್ ಹುಡುಗಿಯರಿಗೆ ಪಾಠ ಮಾಡುವವಳು. ಕನ್ನಡಕ ಹಾಕಿದ ಹುಡುಗಿ ಚೆಂದ ಇಲ್ಲ ಅನ್ನುವ ಮಾತು ಅವರ ತಲೆಗೆ ಎಷ್ಟು ಬೇಗ ಇಳಿಯುತ್ತದೆ ಅಂತ ಕಣ್ಣಾರೆ ಕಂಡಿದ್ದೇನೆ. ಬೋರ್ಡ್ ಕಾಣದಿದ್ದರೂ ಕನ್ನಡಕವನ್ನು ಬ್ಯಾಗಿನಿಂದ ತೆಗೆಯದ ಮಕ್ಕಳಿದ್ದಾರೆ.

ಸೋದರತ್ತೆ, ವಿದ್ಯಾನಗರ

ಟೀಚರ್, ನಿಮ್ಮ ಮಾತು ನಿಜ, ನನಗೂ ಅಲ್ಲಿ ಸ್ವಲ್ಪ ಚುಚ್ಚಿತು. ಆದರೆ ಎರಡು ವಿಷಯ ನೋಡಿ. ಅವಳು ಬದಲಾಗುವುದು ಇಯಾನ್‌ಗೋಸ್ಕರ ಅಲ್ಲ. ಓದಬೇಕು ಅನ್ನಿಸಿ ಕಾಲೇಜಿಗೆ ಸೇರುತ್ತಾಳೆ, ಅಲ್ಲಿಂದ ಎಲ್ಲ ಶುರು. ಇನ್ನೊಂದು, ಹಳೆಯ ಟೂಲಾನೇ ನಾನು ಅಂತ ಅವಳು ಮುಜುಗರದಿಂದ ಹೇಳಿದಾಗ ಹುಡುಗ ಏನಂತಾನೆ? ಆ ಮಂಕು ಹುಡುಗಿ ನನಗೆ ನೆನಪಿಲ್ಲ, ನೀನು ನೆನಪಿದ್ದೀಯ ಅನ್ನುವ ಅರ್ಥದಲ್ಲಿ ಮಾತಾಡುತ್ತಾನೆ. ನಮ್ಮ ಹುಡುಗಿ ಅಲ್ಲಿ ಸಿನಿಮಾ ನಿಲ್ಲಿಸಿ ಇನ್ನೊಂದು ಸಲ ಹಾಕಿದಳು.

ಹರಿಹರದ ಟೀಚರಮ್ಮ

ಆ ಮಾತು ಚೆನ್ನಾಗಿದೆ, ಒಪ್ಪುತ್ತೇನೆ. ಕನ್ನಡಕ ಹಾಕಿಕೊಂಡೇ ಹೇಳಿಸಿಕೊಂಡಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.

ದುರ್ಗದ ಸಿನಿಮಾ ಪ್ರೇಮಿ

ಚಿತ್ರದುರ್ಗದಿಂದ ಬರೆಯುತ್ತಿದ್ದೇನೆ. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆ ಆದರೂ ನಮ್ಮ ನಿಮ್ಮ ಬೀಗತನ ನಿಂತಿಲ್ಲವಲ್ಲ, ಅದಕ್ಕೇ ಇಲ್ಲೂ ಬಂದೆ.

ಈ ಸಿನಿಮಾ ತಯಾರಾದ ಕಥೆಯೂ ಸಿನಿಮಾದಷ್ಟೇ ಚೆನ್ನಾಗಿದೆ. ಟೂಲಾ ಪಾತ್ರ ಮಾಡಿದ ನಿಯಾ ವರ್ಡಾಲೋಸ್ ಅವರೇ ಬರೆದದ್ದು. ಕೆನಡಾದ ವಿನಿಪೆಗ್‌ನಲ್ಲಿ ಗ್ರೀಕ್ ಮನೆತನದಲ್ಲಿ ಹುಟ್ಟಿದವರು. ಮೊದಲು ಇದನ್ನು ಒಬ್ಬರೇ ನಿಂತು ಆಡುವ ನಾಟಕ ಮಾಡಿಕೊಂಡಿದ್ದರು. ನಟಿ ರೀಟಾ ವಿಲ್ಸನ್ ಅವರದೂ ಗ್ರೀಕ್ ಮೂಲವೇ. ನಾಟಕ ನೋಡಿ ಇಷ್ಟಪಟ್ಟು ಗಂಡ ಟಾಮ್ ಹ್ಯಾಂಕ್ಸ್‌ಗೆ ಹೇಳಿದರು, ಅವರು ಸಿನಿಮಾ ನಿರ್ಮಾಣಕ್ಕೆ ಬಂದರು. ನಿರ್ದೇಶಕ ಜೋಯೆಲ್ ಜ್ವಿಕ್. ಕಥೆ ಷಿಕಾಗೋದ್ದು, ಶೂಟಿಂಗ್ ಜಾಸ್ತಿ ಟೊರೊಂಟೊದಲ್ಲಿ.

ಖರ್ಚು ಸುಮಾರು 50 ಲಕ್ಷ ಡಾಲರ್. ಹಾಲಿವುಡ್ ಲೆಕ್ಕದಲ್ಲಿ ಅದು ಚಿಲ್ಲರೆ ದುಡ್ಡು. 2002ರ ಏಪ್ರಿಲ್‌ನಲ್ಲಿ 108 ಥಿಯೇಟರಿನಲ್ಲಷ್ಟೇ ಬಿಡುಗಡೆ. ನೋಡಿದವರು ಮನೆಗೆ ಹೋಗಿ ಹೇಳಿದರು, ಅವರು ಇನ್ನೊಬ್ಬರನ್ನು ಕರೆದುಕೊಂಡು ಬಂದರು. ತಿಂಗಳುಗಟ್ಟಲೆ ಓಡಿತು. ಅಮೆರಿಕದಲ್ಲೇ 24 ಕೋಟಿ ಡಾಲರ್ ದಾಟಿತು, ಪ್ರಪಂಚದಲ್ಲೆಲ್ಲ ಸೇರಿ 36 ಕೋಟಿಗೂ ಮೇಲೆ. ಅಷ್ಟಾದರೂ ಅಲ್ಲಿ ಒಂದು ವಾರವೂ ಮೊದಲ ಸ್ಥಾನಕ್ಕೆ ಬರಲಿಲ್ಲ. ಚಿತ್ರಕಥೆಗೆ ಆಸ್ಕರ್ ನಾಮನಿರ್ದೇಶನವೂ ಸಿಕ್ಕಿತು.

ಬಾಯಿಮಾತಿನಿಂದ ಓಡುವ ಸಿನಿಮಾ ಅಂದರೆ ಏನು ಅಂತ ನಮ್ಮ ಕಡೆಯವರಿಗೆ ಗೊತ್ತು. ನಮ್ಮ ಊರಿನ ಥಿಯೇಟರಿನಲ್ಲಿ ಮೊದಲ ವಾರ ಬಾಲ್ಕನಿ ಖಾಲಿ, ಮೂರನೇ ವಾರ ಹೆಂಗಸರ ಸಾಲು ರಸ್ತೆವರೆಗೆ. ಆ ಸಾಲಿನಲ್ಲಿ ಅಮ್ಮನ ಸೆರಗು ಹಿಡಿದು ನಿಂತವನು ನಾನು.

ಲೆಕ್ಕದ ಪುಸ್ತಕ

ಬೇಸರ ಮಾಡಿಕೊಳ್ಳಬೇಡಿ, ನನಗೆ ಈ ಸಿನಿಮಾ ಅಷ್ಟು ಹಿಡಿಸಲಿಲ್ಲ. ಮದುವೆ ಎಷ್ಟು ದೊಡ್ಡದೋ ಸಂತೋಷ ಅಷ್ಟು ದೊಡ್ಡದು ಅನ್ನುವ ಹಾಗೆ ತೋರಿಸಿದ್ದಾರೆ. ನಾನು ಸೊಸೈಟಿ ಒಂದರಲ್ಲಿ ಸಾಲದ ಲೆಕ್ಕ ಬರೆಯುವವನು. ಮಗಳ ಮದುವೆಗೆ ಅಂತ ತೆಗೆದ ಸಾಲಕ್ಕೆ ಮೊಮ್ಮಗನ ನಾಮಕರಣ ಆದ ಮೇಲೂ ಬಡ್ಡಿ ಕಟ್ಟಲು ಬರುವವರನ್ನು ಪ್ರತಿ ತಿಂಗಳು ನೋಡುತ್ತೇನೆ. ರಸೀದಿ ತಗೊಂಡು ನಾಲ್ಕಾಗಿ ಮಡಚಿ ಅಂಗಿ ಜೇಬಿನೊಳಗೆ ಇಡುತ್ತಾರೆ. ಮನೆಯಲ್ಲಿ ಯಾರಿಗೂ ಕಾಣಬಾರದು ಅಂತ.

ಕುವೆಂಪು ಮಂತ್ರ ಮಾಂಗಲ್ಯ ಕೊಟ್ಟದ್ದು ಸುಮ್ಮನೆ ಅಲ್ಲ. ಮಗ ತೇಜಸ್ವಿಯವರ ಮದುವೆಯನ್ನು 1966ರಲ್ಲಿ ಹಾಗೇ ಮಾಡಿದರು. ಆಡಂಬರ ಇಲ್ಲ, ವರದಕ್ಷಿಣೆ ಇಲ್ಲ. ನಮ್ಮ ಭಾಗದ ಮಠಗಳಲ್ಲಿ ಸಾಮೂಹಿಕ ವಿವಾಹಗಳು ನಡೆಯುತ್ತವೆ. ಅಲ್ಲಿ ಮದುವೆ ಆದವರು ಯಾರಿಗಿಂತ ಕಮ್ಮಿ?

ಮಂಡಿಪೇಟೆ ಹುಡುಗ

ಸರ್, ನಿಮ್ಮ ಮಾತಿಗೆ ಎದುರು ಹೇಳಲು ಆಗುವುದಿಲ್ಲ. ನಮ್ಮಕ್ಕನ ಮದುವೆ ಸಾಲ ಈ ವರ್ಷ ತೀರಿತು. ಆದರೆ ಸಿನಿಮಾದಲ್ಲಿ ನನಗೆ ಹಿಡಿಸಿದ್ದು ಖರ್ಚಲ್ಲ ಸರ್, ಜನ. ಎಲ್ಲರೂ ಬಂದು ಕೈಜೋಡಿಸುತ್ತಾರೆ.

ಎರಡು ಮನೆ ಸೊಸೆ

ನಾನು ಇಲ್ಲಿ ಯಾವತ್ತೂ ಬರೆದವಳಲ್ಲ, ಓದುತ್ತೇನಷ್ಟೆ. ಇವತ್ತು ಬರೆಯಬೇಕು ಅನ್ನಿಸಿತು. ನಮ್ಮದು ಬೇರೆ ಬೇರೆ ಧರ್ಮದ ಮದುವೆ. ಹನ್ನೊಂದು ವರ್ಷ ಆಯಿತು.

ಸಿನಿಮಾದಲ್ಲಿ ಇಯಾನ್‌ಗೆ ದೀಕ್ಷಾಸ್ನಾನ ಮಾಡಿಸುತ್ತಾರಲ್ಲ, ಮಕ್ಕಳು ಆಟ ಆಡುವ ಗಾಳಿ ತುಂಬಿದ ಪ್ಲಾಸ್ಟಿಕ್ ತೊಟ್ಟಿಯಲ್ಲಿ. ಮೈಗೆಲ್ಲ ಎಣ್ಣೆ ಹಚ್ಚಿ ನೀರಿನಲ್ಲಿ ಅದ್ದುತ್ತಾರೆ. ಗ್ರೀಕ್ ಚರ್ಚಿನಲ್ಲಿ ಮದುವೆ ಆಗಬೇಕಾದರೆ ಅವನು ಅದನ್ನು ಮಾಡಿಸಿಕೊಳ್ಳಬೇಕು. ಥಿಯೇಟರಿನಲ್ಲಿ ಆಗಿದ್ದರೆ ಎಲ್ಲರೂ ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಟೂಲಾ ಮುಖವನ್ನೇ ನೋಡುತ್ತಿದ್ದೆ. ಇವನು ಈಗ ಎದ್ದು ಹೋಗಿಬಿಟ್ಟರೆ ಅನ್ನುವ ಭಯ ಆ ಮುಖದಲ್ಲಿದೆ. ಆ ಭಯ ನನಗೆ ಗೊತ್ತು.

ನಮ್ಮಿಬ್ಬರಲ್ಲಿ ಯಾರೂ ಧರ್ಮ ಬಿಡಲಿಲ್ಲ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಅದಕ್ಕೆ ದಾರಿ ಇದೆ. ವಿವಾಹ ಅಧಿಕಾರಿಗೆ ನೋಟಿಸ್ ಕೊಡಬೇಕು, 30 ದಿನ ಕಾಯಬೇಕು, ಆಮೇಲೆ ಮೂವರು ಸಾಕ್ಷಿಗಳ ಮುಂದೆ ಸಹಿ. ಕಾನೂನು ಅಷ್ಟೇ ಸಲೀಸು. ಆ 30 ದಿನ ಮಾತ್ರ ಸಲೀಸಲ್ಲ. ನೋಟಿಸನ್ನು ಕಚೇರಿಯ ಬೋರ್ಡಿನಲ್ಲಿ ಹಾಕುತ್ತಾರೆ. ದಿನಾ ಅದರ ಮುಂದೆ ಯಾರು ನಿಂತಿದ್ದಾರೋ ಅಂತ ಯೋಚನೆ. ನಮ್ಮಪ್ಪ ಬರಲಿಲ್ಲ. ಸಾಕ್ಷಿ ಹಾಕಿದ್ದು ನನ್ನ ಸೋದರತ್ತೆ. ಆದ್ದರಿಂದ ಅಕ್ಕ, ನಿಮ್ಮ ಹೆಸರು ನೋಡಿಯೇ ಇದನ್ನು ಬರೆದೆ.

ಸೋದರತ್ತೆ, ವಿದ್ಯಾನಗರ

ತಂಗಿ, ನೀನು ಬರೆದದ್ದನ್ನು ಎರಡು ಸಲ ಓದಿದೆ. ಅಪ್ಪ ಈಗ ಮಾತಾಡುತ್ತಾರಾ?

ಎರಡು ಮನೆ ಸೊಸೆ

ಮಾತಾಡುತ್ತಾರೆ ಅಕ್ಕ. ಮಗು ಹುಟ್ಟಿದ ಮೇಲೆ ಬಂದರು. ದೃಷ್ಟಿ ಆಗಬಾರದು ಅಂತ ಉಪ್ಪು ಮೆಣಸಿನಕಾಯಿ ನಿವಾಳಿಸಿ ಥೂ ಥೂ ಅಂದರು. ಸಿನಿಮಾದಲ್ಲಿ ಗ್ರೀಕ್ ನೆಂಟರೆಲ್ಲ ಮದುಮಗಳ ಮೇಲೆ ಥೂ ಥೂ ಅನ್ನುತ್ತಾರಲ್ಲ, ಅದೂ ದೃಷ್ಟಿಗೇ. ಅಲ್ಲಿ ಮಾತ್ರ ನಾನು ಜೋರಾಗಿ ನಕ್ಕೆ.

ಮಿಲ್ ಮನುಷ್ಯ, ಕೆ.ಬಿ. ಬಡಾವಣೆ

ನಾನು ಮೂರು ಹೆಣ್ಣುಮಕ್ಕಳ ಅಪ್ಪ. ಕಾಟನ್ ಮಿಲ್ಲಿನಲ್ಲಿ ದುಡಿದು ಈಗ ಮನೆಯಲ್ಲಿದ್ದೇನೆ. ಸೋದರತ್ತೆಯವರ ಅಣ್ಣನ ಪರವಾಗಿ ನಾಲ್ಕು ಮಾತು ಹೇಳುತ್ತೇನೆ.

ಎಲ್ಲರೂ ಅಪ್ಪ ಹಠಮಾರಿ ಅಂತಾರೆ. ಹಠ ಅಲ್ರೀ ಅದು, ಭಯ. ಅಪ್ಪನ ಪಾತ್ರ ಮಾಡಿದ ಮೈಕೆಲ್ ಕಾನ್‌ಸ್ಟಂಟೈನ್ ಅದನ್ನು ಎಷ್ಟು ಚೆನ್ನಾಗಿ ತೋರಿಸಿದ್ದಾರೆ ನೋಡಿ. 2021ರಲ್ಲಿ ತೀರಿಕೊಂಡರು ಪಾಪ. ಗಸ್‌ಗೆ ಹುಡುಗನ ಮೇಲೆ ದ್ವೇಷ ಇಲ್ಲ. ಪರದೇಶಕ್ಕೆ ಬಂದು ಹೋಟೆಲ್ ಕಟ್ಟಿ, ಭಾಷೆ ಉಳಿಸಿಕೊಂಡು, ಮಕ್ಕಳಿಗೆ ಗ್ರೀಕ್ ಶಾಲೆ ಕಲಿಸಿದವನು. ಮಗಳು ಆ ಮನೆ ಸೇರಿದ ಮೇಲೆ ಮೊಮ್ಮಕ್ಕಳು ನನ್ನ ಭಾಷೆಯಲ್ಲಿ ನನ್ನನ್ನು ಕರೆಯುತ್ತಾರಾ? ಅವನ ತಲೆಯಲ್ಲಿ ಇರುವುದು ಇದೊಂದೇ.

ನನ್ನ ಎರಡನೇ ಮಗಳ ಮಕ್ಕಳು ಪುಣೆಯಲ್ಲಿದ್ದಾರೆ. ಫೋನಿನಲ್ಲಿ ತಾತ ಅಂತಾರೆ, ಆಮೇಲೆ ಏನು ಮಾತಾಡಬೇಕೋ ಅವರಿಗೂ ತಿಳಿಯದು, ನನಗೂ ತಿಳಿಯದು. ಅಳಿಯ ಬಂಗಾರದಂಥ ಮನುಷ್ಯ. ಆದರೂ ಆ ಎರಡು ನಿಮಿಷ ನನಗೆ ಕಷ್ಟ. ಅಣ್ಣನವರು ಹಿತ್ತಲಲ್ಲಿ ನಿಂತದ್ದು ಯಾಕೆ ಅಂತ ನನಗೆ ಅರ್ಥ ಆಗುತ್ತದೆ.

ಹಾಗಂತ ಬೇಡ ಅನ್ನಿ ಅಂತ ಹೇಳುತ್ತಿಲ್ಲ. ಕಲ್ಯಾಣದಲ್ಲಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆ ಮಾಡಿದ ಶರಣರ ವಚನ ಓದಿಕೊಂಡು ಬೆಳೆದವರು ನಾವು. 12ನೇ ಶತಮಾನದಲ್ಲಿ ಅವರು ಅದಕ್ಕೆ ಪ್ರಾಣ ಕೊಟ್ಟರು. ನಾವು ಒಂದು ಹೂಂ ಕೊಡಲು ಇಷ್ಟು ಯೋಚನೆ ಮಾಡಬಾರದು. ಅಣ್ಣನವರಿಗೆ ಸ್ವಲ್ಪ ಟೈಮ್ ಕೊಡಿ, ಅಷ್ಟೇ ನಾನು ಕೇಳುವುದು.

ದುರ್ಗದ ಸಿನಿಮಾ ಪ್ರೇಮಿ

ಸರ್, ಸಿನಿಮಾದ ಕೊನೆ ನೆನಪಿದೆಯಾ? ಆರು ವರ್ಷ ಆದ ಮೇಲೆ ಟೂಲಾ ಮಗಳು ಗ್ರೀಕ್ ಶಾಲೆಗೆ ಹೊರಟಿರುತ್ತಾಳೆ. ನೀವು ಹೇಳಿದ ಭಯಕ್ಕೆ ಉತ್ತರ ಅಲ್ಲಿದೆ. ಕಳಿಸುವವಳು ಟೂಲಾನೇ. ಚಿಕ್ಕವಳಿದ್ದಾಗ ಆ ಶಾಲೆ ಅಂದರೆ ಮುಖ ಸಿಂಡರಿಸುತ್ತಿದ್ದವಳು.

ಹರಿಹರದ ಟೀಚರಮ್ಮ

ಮತ್ತೆ ಆ ಕೇಕ್! ಯಾರೂ ಹೇಳಲೇ ಇಲ್ಲವಲ್ಲ. ಹುಡುಗನ ತಾಯಿ ಬೀಗರ ಮನೆಗೆ ಒಂದು ಕೇಕ್ ತರುತ್ತಾಳೆ, ಉಂಗುರದ ಹಾಗೆ ನಡುವೆ ತೂತು ಇರುವಂಥದ್ದು. ಟೂಲಾ ಅಮ್ಮನಿಗೆ ಅದರ ಹೆಸರೇ ಬಾಯಿಗೆ ಬರುವುದಿಲ್ಲ. ಒಳಗೆ ಒಯ್ದು, ಪಾಪ ಇದಕ್ಕೆ ತೂತು ಬಿದ್ದಿದೆ ಅಂದುಕೊಂಡು, ಆ ತೂತಿನಲ್ಲಿ ಒಂದು ಹೂವಿನ ಕುಂಡ ಇಟ್ಟು ತರುತ್ತಾಳೆ. ಎಷ್ಟು ಹೆಮ್ಮೆಯಿಂದ ತರುತ್ತಾಳೆ! ತಂದವರ ಮರ್ಯಾದೆ ಉಳಿಸಿದೆ ಅನ್ನುವ ಸಮಾಧಾನ ಅವಳ ಮುಖದಲ್ಲಿ.

ಬರೀ ನಗಿಸುವ ಸೀನ್ ಅಲ್ಲ ಅದು. ಒಬ್ಬರು ಕೊಟ್ಟದ್ದನ್ನು ಇನ್ನೊಬ್ಬರು ತಮಗೆ ತಿಳಿದ ಹಾಗೆ ಚೆಂದ ಮಾಡಿದರು. ತಪ್ಪಾಯಿತು, ಆದರೆ ಪ್ರೀತಿಯಿಂದ ತಪ್ಪಾಯಿತು.

ಎರಡು ಮನೆ ಸೊಸೆ

ಟೀಚರ್, ನಮ್ಮತ್ತೆ ಮೊದಲ ಸಲ ಶಿರ್‌ಖುರ್ಮಾ ಕಳಿಸಿದಾಗ ನಮ್ಮಮ್ಮ ಅದನ್ನು ದೇವರ ಮುಂದೆ ಇಟ್ಟು ಎಲ್ಲರಿಗೂ ಪ್ರಸಾದದ ಹಾಗೆ ಒಂದೊಂದು ಚಮಚ ಹಂಚಿದರು. ಅತ್ತೆಗೆ ಹೇಳಿದಾಗ ಅವರ ಕಣ್ಣು ತುಂಬಿಬಂತು.

ಅಡುಗೆ ಕಂಟ್ರಾಕ್ಟ್

ಮದುವೆ ಅಡುಗೆ ನಮ್ಮ ಕಸುಬು, ಅಪ್ಪನ ಕಾಲದಿಂದ. ಸಿನಿಮಾ ನಾನೂ ನೋಡಿದೆ. ಹುಡುಗ ಮಾಂಸ ತಿನ್ನಲ್ಲ ಅಂದಾಗ ಚಿಕ್ಕಮ್ಮ ವೂಲಾ ಗಾಬರಿಯಾಗಿ, ಹೋಗಲಿ ಬಿಡು ಕುರಿ ಮಾಂಸ ಮಾಡ್ತೀನಿ ಅಂತಾಳಲ್ಲ. ನಮ್ಮಲ್ಲಿ ಇದು ಉಲ್ಟಾ. ಶಾಖಾಹಾರಿ ಮನೆಗೆ ಮಾಂಸ ತಿನ್ನುವ ಕಡೆಯ ಬೀಗರು ಬಂದಾಗ ಹೆಣ್ಣಿನ ಕಡೆಯವರು ನನ್ನನ್ನು ಪಕ್ಕಕ್ಕೆ ಕರೆದು, ಇವರಿಗೆ ಬರೀ ಕಾಳುಪಲ್ಯ ಸಾಲುತ್ತದಾ ಅಂತ ಕೇಳುತ್ತಾರೆ.

ಸಾಲುತ್ತದೆ ಅಕ್ಕ, ಚಿಂತೆ ಮಾಡಬೇಡಿ. ಅಸ್ಸಾಮಿನವರು ಅನ್ನ ಚೆನ್ನಾಗಿ ಉಣ್ಣುವ ಜನ. ಖಾರ ಮಾತ್ರ ನಮ್ಮಷ್ಟು ಬೇಡ. ಎಣ್ಣೆಗಾಯಿಗೆ ಶೇಂಗಾ ಪುಡಿ ಜಾಸ್ತಿ ಹಾಕಿ, ಖಾರದಪುಡಿ ಇಳಿಸಿ. ರೊಟ್ಟಿ ಎರಡೇ ಬಡಿಸಿ, ಅನ್ನ ಬಿಸಿಯಾಗಿ ಕೊಡಿ. ಮಾದಲಿಗೆ ಹಾಲು ತುಪ್ಪ ಕೈಬಿಟ್ಟು ಹಾಕಿ. ಬೆಳಿಗ್ಗೆ ಬೆಣ್ಣೆದೋಸೆ, ಆಲೂಗಡ್ಡೆ ಪಲ್ಯ, ತೆಂಗಿನ ಚಟ್ನಿ. ಸಂಜೆ ನರ್ಗೀಸ್ ಮಂಡಕ್ಕಿ ಕೊಡಿ, ಆದರೆ ಮಿರ್ಚಿ ಪಕ್ಕದ ತಟ್ಟೆಯಲ್ಲಿಡಿ, ಬೇಕಾದವರು ತಗೊಳ್ಳಲಿ.

ಸೋದರತ್ತೆ, ವಿದ್ಯಾನಗರ

ಇಪ್ಪತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ. ನಿನ್ನೆ ಹುಡುಗನ ಅಪ್ಪ ಅಮ್ಮ ಬಂದಿದ್ದರು.

ಅಣ್ಣನೇ ಕರೆಸಿದ್ದು. ಮಿಲ್ ಸರ್ ಬರೆದದ್ದನ್ನು ನಾನು ಅಣ್ಣನಿಗೆ ಓದಿ ಹೇಳಿದ್ದೆ. ಅವನು ಇನ್ನೊಂದು ಸಲ ಓದು ಅಂದ. ಮಾರನೇ ದಿನ ಮಗಳಿಗೆ ಫೋನ್ ಮಾಡಿ, ಅವರು ಯಾವಾಗ ಬರ್ತಾರಂತೆ ಕೇಳು ಅಂದ. ಅಷ್ಟೇ.

ಬೆಂಗಳೂರಿನಿಂದ ರೈಲಿನಲ್ಲಿ ಬಂದರು. ಹುಡುಗನ ತಾಯಿ ಒಂದು ಡಬ್ಬಿ ತಂದಿದ್ದರು. ಅಕ್ಕಿ ಹಿಟ್ಟಿನ ತೆಳ್ಳಗಿನ ಸುರುಳಿ, ಒಳಗೆ ಕರಿ ಎಳ್ಳು ಬೆಲ್ಲ. ತಿಲ್ ಪಿಠಾ ಅಂತಾರಂತೆ. ಅತ್ತಿಗೆ ಒಂದು ತುಂಡು ಬಾಯಿಗೆ ಹಾಕಿಕೊಂಡು, ಅಯ್ಯೋ ಇದು ನಮ್ಮ ಎಳ್ಳು ಹೋಳಿಗೆಯ ಹೂರಣ ಅಲ್ವಾ ಅಂದಳು. ಒಳಗೆ ಹೋಗಿ ಬೆಣ್ಣೆ ತಂದು ಅದರ ಮೇಲೆ ಸವರಿ ಎಲ್ಲರಿಗೂ ಕೊಟ್ಟಳು. ಅವರು ಹಾಗೆ ತಿನ್ನುವುದಿಲ್ಲ ಅಂತ ಕಾಣುತ್ತದೆ. ಆದರೂ ಆ ತಾಯಿ ಎರಡು ತಿಂದರು. ಟೀಚರ್, ನಿಮ್ಮ ಕೇಕ್ ನೆನಪಾಯಿತು.

ಆಮೇಲೆ ಹುಡುಗನ ತಂದೆ ಎದ್ದು ನಿಂತು ಒಂದು ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಅಣ್ಣನ ಮುಂದೆ ಚಾಚಿದರು. ಬಿಳಿ ಹತ್ತಿ ಬಟ್ಟೆ, ಅಂಚು ಕೆಂಪು, ತುದಿಯಲ್ಲಿ ಕೆಂಪು ನೂಲಿನ ಹೂವು. ಗಮೋಸಾ. ಅವರಲ್ಲಿ ದೊಡ್ಡವರಿಗೆ ಮರ್ಯಾದೆ ಮಾಡುವುದು ಅದರಿಂದಲೇ. ಅಣ್ಣನಿಗೆ ಅದು ಗೊತ್ತಿರಲಿಲ್ಲ. ನಮ್ಮಲ್ಲಿ ಶಾಲು ಹೊದಿಸುತ್ತಾರೆ, ಇದು ಟವೆಲಿನ ಹಾಗೆ ಇದೆಯಲ್ಲ ಅಂತ ಅತ್ತಿಗೆ ನನ್ನ ಮುಖ ನೋಡಿದಳು.

ಅಣ್ಣ ಹತ್ತಿ ಮಂಡಿಯಲ್ಲಿ ಮೂವತ್ತು ವರ್ಷ ದುಡಿದವನು. ಬಟ್ಟೆ ಕೈಗೆ ಬಂದದ್ದೇ ತುದಿಯನ್ನು ಹೆಬ್ಬೆಟ್ಟು ತೋರುಬೆರಳ ನಡುವೆ ಇಟ್ಟು ಉಜ್ಜಿದ. ತಿರುವಿ ಹಿಂದೆ ನೋಡಿದ. ಹೂವಿನ ನೂಲು ನೇಯುವಾಗಲೇ ಸೇರಿಸಿದ್ದಾ, ಆಮೇಲೆ ಹೊಲಿದದ್ದಾ ಅಂತ ನೋಡಿದ. ಕೈಮಗ್ಗದ್ದಾ ಅಂತ ಹಿಂದಿಯಲ್ಲಿ ಕೇಳಿದ. ಅಣ್ಣನ ಹಿಂದಿ ಅಷ್ಟಕ್ಕಷ್ಟೇ. ಹೌದು, ನನ್ನ ಅತ್ತಿಗೆ ಮನೆಯಲ್ಲೇ ನೇಯ್ದದ್ದು ಅಂದರು ಆ ತಾಯಿ. ಅಲ್ಲಿಂದ ಶುರುವಾಯಿತು ನೋಡಿ. ಯಾವ ನಂಬರಿನ ನೂಲು, ಬಣ್ಣ ಬಿಡುತ್ತದಾ, ಹತ್ತಿ ಎಲ್ಲಿಂದ ಬರುತ್ತದೆ. ನಮ್ಮ ಇಳಕಲ್ ಸೀರೆ ತೋರಿಸು ಅಂತ ಅತ್ತಿಗೆಗೆ ಹೇಳಿದ. ಅವಳು ಬೀರುವಿನಿಂದ ಮೂರು ಸೀರೆ ತಂದು ಮಂಚದ ಮೇಲೆ ಹರವಿದಳು. ಇಬ್ಬರು ಅಪ್ಪಂದಿರೂ ಬಗ್ಗಿ ಸೆರಗು ನೋಡುತ್ತಾ ನಿಂತರು. ಮಗಳು ಬಾಗಿಲ ಹತ್ತಿರ ನಿಂತು ಅಪ್ಪನನ್ನೇ ನೋಡುತ್ತಿದ್ದಳು.

ಸಿನಿಮಾದಲ್ಲಿ ಗಸ್ ಆರತಕ್ಷತೆಯ ದಿನ ಎದ್ದು ನಿಂತು ಎರಡು ಮನೆ ಹೆಸರಿಗೂ ಗ್ರೀಕಿನಲ್ಲಿ ಬೇರು ಹುಡುಕುತ್ತಾನಲ್ಲ, ಒಂದು ಸೇಬು, ಒಂದು ಕಿತ್ತಳೆ, ಎರಡೂ ಹಣ್ಣೇ ಅಂತ. ನನಗೆ ಅವತ್ತು ಅದು ಸಿನಿಮಾದವರು ಬರೆದ ಮಾತು ಅನ್ನಿಸಿತ್ತು.

ಅವರು ಹೊರಡುವಾಗ ಸ್ಟೇಷನ್‌ವರೆಗೆ ಅಣ್ಣನೇ ಹೋದ. ಗಮೋಸಾ ಹೆಗಲ ಮೇಲೇ ಇತ್ತು.

ಮಿಲ್ ಮನುಷ್ಯ, ಕೆ.ಬಿ. ಬಡಾವಣೆ

ಅಣ್ಣನವರಿಗೆ ನನ್ನ ಶರಣು ತಿಳಿಸಿ. ಆ ಬಟ್ಟೆಗೆ 2022ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಆ ನೆಲದ್ದೇ ಅನ್ನುವ ಸರ್ಕಾರದ ಗುರುತು, ಸಿಕ್ಕಿದೆ, ನಮ್ಮ ಇಳಕಲ್ ಸೀರೆಗೆ ಇರುವ ಹಾಗೆಯೇ. ಬೀಗರ ಜೊತೆ ಮುಂದಿನ ಸಲ ಮಾತಾಡಲು ಅವರಿಗೆ ಬೇಕಾದೀತು.

ಎರಡು ಮನೆ ಸೊಸೆ

ಅಕ್ಕ, ಓದಿ ಅತ್ತುಬಿಟ್ಟೆ. ಹುಡುಗಿಗೆ ನನ್ನ ಶುಭಾಶಯ ಹೇಳಿ.

ಲೆಕ್ಕದ ಪುಸ್ತಕ

ತುಂಬಾ ಸಂತೋಷ. ಮದುವೆ ಚಿಕ್ಕದಾಗಿ ಮಾಡಿ ಅಕ್ಕ, ಸಾಲ ಬೇಡ. ಇದು ನಿಮ್ಮ ಮನೆಯವನಾಗಿ ಕೇಳುವ ಮಾತು.

ಸೋದರತ್ತೆ, ವಿದ್ಯಾನಗರ

ಹುಡುಗಿಯೂ ಅದನ್ನೇ ಅಂದಿದ್ದಾಳೆ ಸರ್. ಇಬ್ಬರೂ ಉಳಿಸಿದ ದುಡ್ಡಿನಲ್ಲೇ ಮಾಡಿಕೊಳ್ಳುತ್ತಾರಂತೆ, ಎರಡೂ ಕಡೆ ಸೇರಿ ಇನ್ನೂರು ಜನ. ಅಣ್ಣ ಅಷ್ಟರಲ್ಲಿ ಯಾರನ್ನು ಬಿಡಲಿ ಅಂತ ಬೆಳಿಗ್ಗೆಯಿಂದ ಪಟ್ಟಿ ಬರೆಯುತ್ತಾ ಕೂತಿದ್ದಾನೆ.

ಅಡುಗೆ ಕಂಟ್ರಾಕ್ಟ್

ಇನ್ನೂರು ಅಂದರೆ ನಾನು ಮುನ್ನೂರಕ್ಕೆ ಅಕ್ಕಿ ಅಳೆಯುತ್ತೇನೆ ಅಕ್ಕ. ತಾರೀಖು ಗೊತ್ತಾದ ತಕ್ಷಣ ತಿಳಿಸಿ.